ತುರಿಕೆ ಕಲಿಸಿದ್ದು

ಮೊನ್ನೆ ನೀನು ಬೈಕಿಗೆ ಗೀರು ಬಿತ್ತೆಂದು ರಾತ್ರಿ ಊಟ ಬಿಟ್ಟು ಮಲಗಿದೆ. ಮಾರನೆಯ ದಿನ ಕರೆಂಟ್ ಬಿಲ್ ಕಟ್ಟೋ ಅಂದರೆ, 'ಎಲ್ಲಾ ಅನಿತ್ಯ ತಾತಾ' ಅಂದೆ. ಭಲೇ! ಗೀರು ಮಾತ್ರ ನಿತ್ಯ, ಬಿಲ್ಲು ಅನಿತ್ಯ.

ಕೂತ್ಕೋ. ಬುದ್ಧಿ ಚುರುಕಾಗಿದೆ ನಿಂಗೆ, ಆದರೆ ಕುಂಡಿ ಒಂದು ಕಡೆ ನಿಲ್ಲೋದಿಲ್ಲ.

ತುಮಕೂರು ರಸ್ತೆ ಕಡೆಯ ಆಲೂರಿನ ವಿಪಶ್ಯನ ಧ್ಯಾನ ಕೇಂದ್ರಕ್ಕೆ ಒಮ್ಮೆ ಹತ್ತು ದಿನ ಹೋಗಿದ್ದೆನಲ್ಲ, ನಿಮ್ಮಜ್ಜಿ ನಗಾಡಿದ್ದಳು. ಬೆಳಗ್ಗೆ 4ಕ್ಕೆ ಗಂಟೆ. ಮಾತಿಲ್ಲ ಕತೆಯಿಲ್ಲ. ಮೊದಲ ಮೂರು ದಿನ ಮೂಗಿನ ಹತ್ತಿರ ಉಸಿರು ಬಂದುಹೋಗುವುದನ್ನು ನೋಡುತ್ತಾ ಕೂರುವುದೇ ಕೆಲಸ. ನಾಲ್ಕನೆಯ ದಿನದಿಂದ ಮೈಮೇಲೆ ಏನೇನಾಗುತ್ತದೋ ಅದನ್ನು ಗಮನಿಸಬೇಕು. ಒಂದು ಗಂಟೆ ಅಲ್ಲಾಡುವ ಹಾಗಿಲ್ಲ. ಶುರುವಾಯಿತು ನೋಡು, ಎಡಗೆನ್ನೆಯಲ್ಲಿ ತುರಿಕೆ. ಮೊದಲು ಇರುವೆ ಹರಿದ ಹಾಗೆ, ಆಮೇಲೆ ಚುರುಚುರು, ಆಮೇಲೆ ಕೆಂಡ. ಕೆರೆದುಕೊಳ್ಳದಿದ್ದರೆ ಪ್ರಾಣವೇ ಹೋದೀತು ಅನ್ನಿಸಿತು. ಹೋಗಲಿಲ್ಲ. ಉರಿ ಅಂಚಿನಿಂದ ಸಣ್ಣಗಾಗುತ್ತಾ ಬಂತು. ಆಮೇಲೆ ಹುಡುಕಿದರೂ ಸಿಗಲಿಲ್ಲ. ಎಷ್ಟೋ ವರ್ಷ ಪ್ರವಚನ ಕೇಳಿ ತಲೆಗೆ ಹೋಗದ್ದು ಅವತ್ತು ಕೆನ್ನೆಯಿಂದ ಒಳಗೆ ಇಳಿಯಿತು. ಮಂಡಿನೋವಂತೂ ಜಗ್ಗಲಿಲ್ಲ, ಅದು ಹಠದಲ್ಲಿ ನಿನ್ನ ತಮ್ಮ.

ಆಫೀಸು, ಪುರುಸೊತ್ತಿಲ್ಲ ಅಂತೀಯ. ಈ ಪದ್ಧತಿಯನ್ನು ನಮ್ಮ ದೇಶಕ್ಕೆ ಮತ್ತೆ ತಂದ ಗೋಯೆಂಕಾ ಅವರ ಗುರು ಊ ಬಾ ಖಿನ್, 1948ರಲ್ಲಿ ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆದವರು. ಕಾಡಿಗೆ ಹೋಗಲಿಲ್ಲ. ಲೆಕ್ಕದ ಕಡತಗಳ ಮಧ್ಯೆಯೇ ಕಚೇರಿಯವರಿಗೂ ಧ್ಯಾನ ಕಲಿಸಿದರು.

ನಾಳೆ ಎದ್ದವನೇ ಫೋನು ಹಿಡಿಯಬೇಡ. ಎರಡು ನಿಮಿಷ ಕೂರು. ಸಂಸಾರಿಗಳೂ ಆಗಾಗ ನೆನೆಯಲಿ ಅಂತ ಬುದ್ಧ ಐದು ಮಾತು ಹೇಳಿದ್ದಾನೆ: ಮುಪ್ಪು ತಪ್ಪದು, ಕಾಯಿಲೆ ತಪ್ಪದು, ಸಾವು ತಪ್ಪದು, ಪ್ರೀತಿಸಿದ್ದೆಲ್ಲ ಕೈಬಿಟ್ಟು ಹೋಗುವುದು. ನಿನ್ನಂಥವರು ಇಷ್ಟಕ್ಕೇ ನಿಟ್ಟುಸಿರು ಬಿಟ್ಟು ಎದ್ದುಬಿಡುತ್ತೀರಿ. ಐದನೆಯದೇ ಕಿರಿಕಿರಿಯದು: ಮಾಡಿದ ಕೆಲಸ ಮಾತ್ರ ನಿನ್ನ ಪಾಲಿನ ಆಸ್ತಿ. ಮಾಡದೆ ಬಿಟ್ಟದ್ದೂ ಆ ಲೆಕ್ಕದಲ್ಲೇ ಬರುತ್ತದೆ ಅಂತ ನನ್ನ ಅನುಮಾನ.

ಅಂದಹಾಗೆ ಬಿಲ್ಲಿಗೆ ಇವತ್ತೇ ಕೊನೇ ದಿನ. ಕರೆಂಟು ಅನಿತ್ಯ ಅನ್ನೋದು ಲೈನ್‌ಮನ್‌ಗೂ ಗೊತ್ತು.