ಬಿಸಿಲ ತಾರಸಿಯ ಕಬ್ಬಿಣದ ಕುರ್ಚಿ: ಸುಡದಂತೆ ನೋಡಿಕೊಳ್ಳಲು ಆರು ಹಂತ

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್‌-ಮೇ ತಿಂಗಳಲ್ಲಿ ಗಾಳಿಯ ತಾಪವೇ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಬಿದ್ದ ಕಬ್ಬಿಣದ ಕುರ್ಚಿ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಲೋಹ 60 ಡಿಗ್ರಿ ಮುಟ್ಟಿದರೆ ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡಬಹುದು. ಮಕ್ಕಳ, ವಯಸ್ಸಾದವರ ಚರ್ಮ ತೆಳು. ಇನ್ನೂ ಬೇಗ ಸುಡುತ್ತದೆ. ಅಷ್ಟೇ ಕಾದ ಮರದ ಹಲಗೆ ಹೀಗೆ ಸುಡುವುದಿಲ್ಲ, ಏಕೆಂದರೆ ಮರದಿಂದ ಶಾಖ ಕೈಗೆ ಹರಿಯುವುದು ಬಲು ನಿಧಾನ. ಪರಿಹಾರಕ್ಕೊಂದು ಕ್ರಮವಿದೆ: ಮೊದಲು ನೆರಳು, ಆಮೇಲೆ ಬಣ್ಣ, ಕೊನೆಗೆ ಹೊದಿಕೆ.

ಬೇಕಾಗುವ ಸಾಮಾನು: ಸೀಮೆಸುಣ್ಣ, ಶೇಡ್‌ನೆಟ್, ನೈಲಾನ್ ಹಗ್ಗ, ಎಮರಿ ಪೇಪರ್, ಪ್ರೈಮರ್, ಬಿಳಿ ಎನಾಮೆಲ್ ಪೇಂಟ್, ನೂಲಿನ ಹಗ್ಗ, ಕೌದಿ.

ಹಂತ 1: ನೆರಳಿನ ಜಾಡು ಹಿಡಿಯಿರಿ
ಒಂದು ದಿನ ಬೆಳಗ್ಗೆ 9, ಮಧ್ಯಾಹ್ನ 12 ಮತ್ತು 3, ಸಂಜೆ 5ಕ್ಕೆ ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಗೆ, ಕಲಬುರಗಿಯಲ್ಲಿ ಮೇ ಎರಡನೇ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆಗ ಗೋಡೆಯ ನೆರಳು ನಂಬುವಂತಿಲ್ಲ. ಆದರೆ ಮೂರು ಗಂಟೆಯ ನಂತರ ಗೋಡೆಯ ಪೂರ್ವ ಬದಿಗೆ ನೆರಳು ಬರುತ್ತದೆ. ಕುರ್ಚಿಯ ಜಾಗ ಅದು.

ಹಂತ 2: ಮೇಲೆ ನೆರಳು ಕಟ್ಟಿ
ನರ್ಸರಿಯವರು ಬಳಸುವ ಶೇಡ್‌ನೆಟ್‌ನಲ್ಲಿ 50, 75, 90 ಪ್ರತಿಶತದ ಬಗೆಗಳಿವೆ. ಕೂರುವ ಜಾಗಕ್ಕೆ 75 ಅಥವಾ 90 ತೆಗೆದುಕೊಳ್ಳಿ. ತಲೆಯ ಮೇಲೆ ಎರಡಡಿಯಾದರೂ ಬಿಟ್ಟು ಕಟ್ಟಿ. ಬಿಸಿಗಾಳಿ ಸರಿದುಹೋಗಲು ದಾರಿ ಬೇಕು. ಮುಂಗಾರಿಗೆ ಮುಂಚಿನ ಬಿರುಗಾಳಿ ಪರದೆಯನ್ನೇ ಕಿತ್ತೊಯ್ಯುತ್ತದೆ. ಆದ್ದರಿಂದ ಬೇಗ ಬಿಚ್ಚಲು ಬರುವಂಥ ಗಂಟು ಹಾಕಿ.

ಹಂತ 3: ತಿಳಿಬಣ್ಣ ಬಳಿಯಿರಿ
ಕಪ್ಪು, ಕಡುಕಂದು ಬಣ್ಣ ಬಿಸಿಲನ್ನು ಹೀರುತ್ತದೆ. ಹೊಳೆಯುವ ಸ್ಟೀಲು ತಂಪಾಗಿರುತ್ತದೆ ಎಂದು ಹಲವರು ನಂಬಿದ್ದಾರೆ, ಅದು ತಪ್ಪು. ಅದು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ ನಿಜ, ಆದರೆ ಒಳಗೆ ಸೇರಿದ ಶಾಖವನ್ನು ಸುಲಭವಾಗಿ ಹೊರಬಿಡುವುದಿಲ್ಲ. ಬಿಳಿ ಪೇಂಟ್ ಎರಡೂ ಕೆಲಸ ಮಾಡುತ್ತದೆ.
ತುಕ್ಕನ್ನು ಎಮರಿ ಪೇಪರಿನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ. ಒಣಗಿದ ಮೇಲೆ ಎನಾಮೆಲ್‌ನ ಎರಡು ಕೋಟ್ ಕೊಡಿ. ಜಿ.ಐ. ಪೈಪಿನ ಕುರ್ಚಿಯಾದರೆ ಅದಕ್ಕೆಂದೇ ಇರುವ ಪ್ರೈಮರ್ ಕೇಳಿ, ಇಲ್ಲದಿದ್ದರೆ ಬಣ್ಣ ಸಿಪ್ಪೆಯೇಳುತ್ತದೆ. ಕಾದ ಲೋಹಕ್ಕೆ ಬಳಿದರೆ ಗುಳ್ಳೆ ಏಳುತ್ತವೆ; ಮುಂಜಾನೆ, ನೆರಳಿನಲ್ಲಿ ಈ ಕೆಲಸ ಮಾಡಿ.

ಹಂತ 4: ಮೈ ತಾಕುವ ಕಡೆ ಮುಚ್ಚಿ
ಕೈಯಿಡುವ ಪಟ್ಟಿಗೆ ನೂಲಿನ ಹಗ್ಗವನ್ನು ಸಂದಿಯಿಲ್ಲದಂತೆ ಒತ್ತೊತ್ತಾಗಿ ಸುತ್ತಿ. ಸೀಟಿನ ಅಂಚು, ಮೇಲೆದ್ದ ಬೋಲ್ಟಿನ ತಲೆ ತೊಡೆಗೆ ತಾಗುತ್ತವೆ, ಅವನ್ನೂ ಮರೆಯಬೇಡಿ. ಕೂರಲು ಮಡಚಿದ ಕೌದಿ ಸಾಕು. ಕಪ್ಪು ರೆಕ್ಸಿನ್ ಬೇಡ, ಅದೂ ಕಾಯುತ್ತದೆ. ಎದ್ದಾಗ ಕೌದಿಯನ್ನು ಒಳಗಿಡಿ. ಒದ್ದೆಯಾಗಿ ಅಲ್ಲೇ ಉಳಿದರೆ ಕೆಳಗಿನ ಕಬ್ಬಿಣಕ್ಕೆ ತುಕ್ಕು.

ಹಂತ 5: ಕೂರುವ ಮುಂಚೆ ಪರೀಕ್ಷಿಸಿ
ಅಂಗೈಯಲ್ಲ, ಮುಂಗೈಯ ಹಿಂಬದಿಯನ್ನು ಕ್ಷಣಮಾತ್ರ ತಾಗಿಸಿ. ಅಲ್ಲೇ ಇಟ್ಟುಕೊಳ್ಳಲು ಆಗದಿದ್ದರೆ ಕೂರಬೇಡಿ. ಒಂದು ತಂಬಿಗೆ ನೀರು ಸುರಿದು, ಒರೆಸಿ, ಮತ್ತೆ ಮುಟ್ಟಿ ನೋಡಿ. ಮಗುವನ್ನು ಕೂರಿಸುವ ಮುನ್ನ ಪ್ರತಿ ಸಲವೂ ಹೀಗೆ ಮಾಡಿ.

ಹಂತ 6: ಸುಟ್ಟರೆ
ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಐಸ್, ಟೂತ್‌ಪೇಸ್ಟ್, ಅರಿಶಿನ ಯಾವುದೂ ಬೇಡ. ಗುಳ್ಳೆ ಬಂದರೆ, ಅಥವಾ ಸುಟ್ಟಿದ್ದು ಮಗುವಿಗಾದರೆ, ವೈದ್ಯರಿಗೆ ತೋರಿಸಿ.

ಮನೆಯ ಕೆಲಸ ಮುಗಿದ ಮೇಲೆ ನಿಮ್ಮ ಬಡಾವಣೆಯ ಉದ್ಯಾನದತ್ತಲೂ ಒಮ್ಮೆ ನೋಡಿ. ಅಲ್ಲಿ ಬಯಲಲ್ಲಿ ನಿಂತ ಸ್ಟೀಲ್ ಬೆಂಚಿದ್ದರೆ, ಅದರ ಪಶ್ಚಿಮಕ್ಕೆ ಒಂದು ಹೊಂಗೆಯನ್ನೋ ಬೇವನ್ನೋ ನೆಡಲು ನಗರಸಭೆಗೆ ಅರ್ಜಿ ಕೊಡಿ. ನೆರಳಿಲ್ಲದ ಬೆಂಚಿನ ಮೇಲೆ ಬೇಸಿಗೆಯಲ್ಲಿ ಯಾರೂ ಕೂರಲಾರರು.