ಕರುಳಿನ ಬ್ಯಾಕ್ಟೀರಿಯಾ, ಲಿವರಿನ ಕಾವಲು

ನಮ್ಮ ಮನೆಮಾತು ಉರ್ದುವಿನಲ್ಲಿ ಲಿವರಿಗೆ ಜಿಗರ್ ಎನ್ನುತ್ತೇವೆ. ಧೈರ್ಯಕ್ಕೂ ಅದೇ ಮಾತು. ಕನ್ನಡ ಪಠ್ಯದಲ್ಲಿ ಅದು ಯಕೃತ್ತು. ಪಿತ್ತರಸ ತಯಾರಿಸುವುದು, ವಿಷ ತೆಗೆಯುವುದು ಅದರ ಕೆಲಸ ಎಂದು ಹೈಸ್ಕೂಲಿನಲ್ಲಿ ಕಲಿತಿದ್ದೇವೆ. ಅದು ರೋಗನಿರೋಧಕ ವ್ಯವಸ್ಥೆಯ ದೊಡ್ಡ ಕಾವಲು ಠಾಣೆಯೂ ಹೌದು. ಆ ಕಾವಲಿನ ಮೇಲೆ ಕರುಳಿನ ಬ್ಯಾಕ್ಟೀರಿಯಾಗಳ ಪ್ರಭಾವ ಬಹಳ. ನಾನು ಕಾಮರ್ಸ್ ವಿದ್ಯಾರ್ಥಿನಿ. ಸೈನ್ಸ್ ಗೆಳತಿಯರು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಮೊದಲು ರಕ್ತದ ದಾರಿ ನೋಡೋಣ. ಲಿವರಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಹೃದಯದಿಂದ ನೇರವಾಗಿ ಬರುವುದಿಲ್ಲ. ಕರುಳು ಮುಂತಾದ ಕಡೆ ಸುತ್ತಿ, ಪೋರ್ಟಲ್ ಅಭಿಧಮನಿಯ ಮೂಲಕ ಬರುತ್ತದೆ. ಊಟದ ಸಕ್ಕರೆಯ ಜೊತೆಗೆ ಬ್ಯಾಕ್ಟೀರಿಯಾಗಳ ಚೂರುಗಳೂ ಅವು ತಯಾರಿಸಿದ ರಾಸಾಯನಿಕಗಳೂ ಮೊದಲು ಲಿವರನ್ನೇ ತಲುಪುತ್ತವೆ. ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು ಅಂದಾಜು, ಹೆಚ್ಚಿನವು ದೊಡ್ಡ ಕರುಳಿನಲ್ಲಿ. (ಲಕ್ಷ ಕೋಟಿಯ ಲೆಕ್ಕ ನಮಗೆ ಸಿಗುವುದು ಸರ್ಕಾರದ ಬಜೆಟ್ಟಿನಲ್ಲಿ ಮಾತ್ರ!)

ಸರಕು ಬಂದ ಮೇಲೆ ತಪಾಸಣೆ ಆಗಬೇಕಲ್ಲ? ಅದನ್ನು ಮಾಡುವವು ಕುಫರ್ ಕೋಶಗಳು. ಕಾರ್ಲ್ ವಿಲ್ಹೆಲ್ಮ್ ವಾನ್ ಕುಫರ್ ಎಂಬ ಶರೀರರಚನಾ ತಜ್ಞ 1876ರಲ್ಲಿ ಇವನ್ನು ಮೊದಲು ವರ್ಣಿಸಿದ್ದರಿಂದ ಆ ಹೆಸರು. ರಕ್ತದಲ್ಲಿ ಬಂದ ಬ್ಯಾಕ್ಟೀರಿಯಾಗಳನ್ನು ಇವು ಹಿಡಿದು ನುಂಗುತ್ತವೆ. ಆದರೆ ಚೆಕ್‌ಪೋಸ್ಟಿನವರು ಪ್ರತಿ ಲಾರಿಯನ್ನೂ ನಿಲ್ಲಿಸಿ ಜಗಳ ತೆಗೆದರೆ ವ್ಯಾಪಾರ ನಡೆಯುವುದಿಲ್ಲ. ದಿನವೂ ಬರುವ ನಿರಪಾಯಕಾರಿ ಚೂರುಗಳ ಮೇಲೆಲ್ಲ ಲಿವರ್ ಯುದ್ಧ ಸಾರಿದರೆ ಸುಡುವುದು ಅದರ ಮೈಯೇ. ಹಾಗಾಗಿ ಅದು ಸಹಿಸಿಕೊಳ್ಳುವುದನ್ನೂ ಕಲಿತಿದೆ. ನನಗೆ ತುಂಬ ಇಷ್ಟವಾದ ಸಂಗತಿ ಇದೇ.

ಇನ್ನೊಂದು ಕೊಡುಕೊಳ್ಳುವಿಕೆ ಪಿತ್ತಾಮ್ಲಗಳದ್ದು. ಲಿವರ್ ಇವನ್ನು ಕೊಲೆಸ್ಟರಾಲಿನಿಂದ ತಯಾರಿಸಿ ಕರುಳಿಗೆ ಕಳಿಸುತ್ತದೆ, ಬ್ಯಾಕ್ಟೀರಿಯಾಗಳು ಅವುಗಳ ರೂಪ ಬದಲಿಸುತ್ತವೆ, ಹೆಚ್ಚಿನ ಪಾಲು ಲಿವರಿಗೇ ವಾಪಸ್ಸು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗವೊಂದನ್ನು ಪ್ರಕಟಿಸಿದರು. ಆಂಟಿಬಯೋಟಿಕ್ ಕೊಟ್ಟು, ಪಿತ್ತಾಮ್ಲ ಬದಲಿಸುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಗಳನ್ನು ಕಡಿಮೆ ಮಾಡಿದಾಗ ಲಿವರಿನಲ್ಲಿ ಒಂದು ಬಗೆಯ ರಕ್ಷಕ ಕೋಶಗಳು ಹೆಚ್ಚಾಗಿ, ಕ್ಯಾನ್ಸರ್ ಗಡ್ಡೆಗಳು ಕಡಿಮೆಯಾದವು. ಹಾಗಾದರೆ ಆಂಟಿಬಯೋಟಿಕ್ ಲಿವರಿಗೆ ಒಳ್ಳೆಯದೇ? 2015ರಲ್ಲಿ ಪ್ರಕಟವಾದ ಬೇರೊಂದು ಇಲಿ ಪ್ರಯೋಗದಲ್ಲಿ ಆದದ್ದು ತಿರುಗುಮುರುಗು: ಹೆಪಟೈಟಿಸ್ ಬಿ ವೈರಸ್ಸನ್ನು ಹೊರಹಾಕಬಲ್ಲ ದೊಡ್ಡ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಆಂಟಿಬಯೋಟಿಕ್‌ನಿಂದ ತೆಗೆದಾಗ ಅವುಗಳಿಗೆ ಆ ಶಕ್ತಿ ಹೋಯಿತು. ಶೀತಕ್ಕೆಲ್ಲ ಮೆಡಿಕಲ್ ಶಾಪಿನಿಂದ ಅರ್ಧ ಸ್ಟ್ರಿಪ್ ಆಂಟಿಬಯೋಟಿಕ್ ತರುವವರು ಈ ಎರಡನ್ನೂ ಜೊತೆಯಲ್ಲಿ ಓದಬೇಕು.

ಕರುಳಿನ ಗೋಡೆ ಸಡಿಲವಾದರೆ ಲಿವರಿನ ಸಹನೆಯ ಲೆಕ್ಕ ತಪ್ಪುತ್ತದೆ. ಬ್ಯಾಕ್ಟೀರಿಯಾದ ಚೂರುಗಳು ಮಿತಿಮೀರಿ ಬಂದಾಗ ಕುಫರ್ ಕೋಶಗಳು ಕೆರಳುತ್ತವೆ, ಉರಿಯೂತವಾಗುತ್ತದೆ. ಅದು ವರ್ಷಗಟ್ಟಲೆ ನಡೆದರೆ ಲಿವರಿನಲ್ಲಿ ಗಾಯದ ಕಲೆ ಕಟ್ಟಿ ಕೊನೆಗೆ ಸಿರೋಸಿಸ್ ಆಗಬಹುದು. ಮದ್ಯ ಇದಕ್ಕೊಂದು ಕಾರಣ. ಆದರೆ ಸಕ್ಕರೆ ಕಾಯಿಲೆ, ಬೊಜ್ಜು ಇರುವವರಲ್ಲಿ ಕೊಬ್ಬು ತುಂಬಿದ ಲಿವರಿನಲ್ಲೂ ಇದೇ ಆಗಬಹುದು. ಇದನ್ನು ಬರೆಯಲೇಬೇಕು ಎನಿಸಿತು. ನನ್ನ ನಾನಾ, ಅಂದರೆ ಅಮ್ಮಿಯ ತಂದೆ, ಒಂದು ತೊಟ್ಟೂ ಕುಡಿದವರಲ್ಲ. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಸಿರೋಸಿಸ್ ಎಂದು ಗೊತ್ತಾದಾಗ ನೋಡಲು ಬಂದ ಕೆಲವರು ಅಮ್ಮಿಯ ಕಿವಿಯಲ್ಲಿ ಕೇಳಿದ್ದು ಒಂದೇ, "ಗುಟ್ಟಾಗಿ ಕುಡೀತಿದ್ರಾ?" ಅಮ್ಮಿಗೆ ಆಗ ಉತ್ತರ ಹೊಳೆಯಲಿಲ್ಲ. ಈ ಲೇಖನವನ್ನು ಅವರಿಗೆ ಉರ್ದುವಿನಲ್ಲಿ ಓದಿ ಹೇಳಿದ್ದೇನೆ.