ಹಳೆಯ ಫೈಬರ್‌ಗ್ಲಾಸ್ ದೋಣಿಗೆ ಬಣ್ಣ ಬಳಿಯುವ ಮುನ್ನ

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆ ಸುತ್ತಿನ ನಾಲಾ ಸೀಮೆಯಲ್ಲಿ ಕಬ್ಬು, ಭತ್ತದ ಜೊತೆಗೆ ಕೆರೆಗಳಲ್ಲಿ ಮೀನು ಸಾಕುವವರೂ ಇದ್ದಾರೆ. ಹಿಂದೆ ಬಿದಿರು ಹೆಣೆದು ಚರ್ಮ ಹೊದಿಸಿದ ಹರಿಗೋಲೇ ಆಧಾರವಾಗಿತ್ತು. ಈಗ ಫೈಬರ್‌ಗ್ಲಾಸ್ ದೋಣಿಗಳೂ ಬಳಕೆಗೆ ಬಂದಿವೆ. ಇವು ಕೊಳೆಯುವುದಿಲ್ಲವಾದರೂ, ನಿಂತು ಬಲೆ ಎಳೆಯುವ ಮೇಲ್ಹಾಸು ಬಿಸಿಲಿಗೆ ಪುಡಿಪುಡಿಯಾಗಿ, ನುಣುಪಾಗಿ ಕಾಲು ಜಾರಿಸುತ್ತದೆ. ಅವಸರದಲ್ಲಿ ಬಳಿದ ಬಣ್ಣ ಬೇಗನೆ ಸಿಪ್ಪೆ ಏಳುತ್ತದೆ. ತಪ್ಪು ಬಣ್ಣದ್ದಲ್ಲ, ಸಿದ್ಧತೆಯದು.

ಮೊದಲು ಪರೀಕ್ಷೆ: ಕೆರೆಯ ನೀರು ಇಳಿದ ಬೇಸಿಗೆಯಲ್ಲಿ ದೋಣಿಯನ್ನು ದಡಕ್ಕೆ ತಂದು ನೆರಳಿನಲ್ಲಿ ಒಣಗಿಸಿ. ಕೊಂಡಿ, ಬಳೆಗಳನ್ನು ಬಿಚ್ಚಿರಿ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿರಿ. ಗಟ್ಟಿ ಜಾಗ ಟಣ್ ಎನ್ನುತ್ತದೆ. ಬೊದ್ದೆಂದು ಕೇಳಿದರೆ ಅಥವಾ ತುಳಿದಾಗ ತಗ್ಗಿದರೆ ಪದರ ಬಿಟ್ಟಿದೆ, ಇಲ್ಲವೆ ಒಳಗೆ ನೀರು ಸೇರಿದೆ ಎಂದು ತಿಳಿಯಿರಿ. ಅದನ್ನು ದುರಸ್ತಿ ಮಾಡಿಸದೆ ಬಣ್ಣ ಬಳಿಯಬಾರದು.

ಉಜ್ಜುವ ಮೊದಲೇ ತೊಳೆಯಿರಿ: ಇದೇ ಮುಖ್ಯ. ಜಿಡ್ಡು, ಮೇಣ ಇರುವಾಗಲೇ ಉಪ್ಪುಕಾಗದ ಹಾಕಿದರೆ ಅವು ಗೀರುಗಳೊಳಗೆ ಸೇರಿಬಿಡುತ್ತವೆ. ಸೋಪಿನ ನೀರಿನಿಂದ ತಿಕ್ಕಿ ತೊಳೆದು ಒಣಗಿಸಿ. ಬಳಿಕ ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ತೆಗೆಯಿರಿ. ಹತ್ತಿರ ಬೀಡಿ, ಬೆಂಕಿ ಬೇಡ. ಆಮೇಲೆ ನೀರು ಚಿಮುಕಿಸಿ ನೋಡಿ: ಕೆಸುವಿನ ಎಲೆಯ ಮೇಲಿನಂತೆ ಹನಿಗಟ್ಟಿದರೆ ಜಿಡ್ಡು ಉಳಿದಿದೆ, ತೆಳುವಾಗಿ ಹರಡಿಕೊಂಡರೆ ಸರಿ.

ಬಿರುಕು ಮತ್ತು ಉಜ್ಜುವಿಕೆ: ಬಿರುಕುಗಳನ್ನು ಸ್ವಲ್ಪ ಅಗಲಿಸಿ ಎಪಾಕ್ಸಿ ಪುಟ್ಟಿ ತುಂಬಿರಿ. ಅದು ಗಟ್ಟಿಯಾದ ಮೇಲೆ 80ನೇ ನಂಬರಿನ ಕಾಗದದಿಂದ ಮಟ್ಟ ಮಾಡಿ, ಇಡೀ ಮೇಲ್ಮೈಯನ್ನು 120 ಅಥವಾ 180ರಿಂದ ಹೊಳಪು ಹೋಗುವಷ್ಟು ಉಜ್ಜಿರಿ. ನಾರು ಕಾಣುವಷ್ಟು ಸವೆಸಬೇಡಿ.

ಎಚ್ಚರಿಕೆ: ಈ ಧೂಳಿನಲ್ಲಿ ಗಾಜಿನ ಚೂರುಗಳಿರುತ್ತವೆ; ಉಸಿರಿಗೂ ಕಣ್ಣಿಗೂ ಕೇಡು. ಮೂಗಿಗೆ ಧೂಳು ತಡೆಯುವ ಮುಖವಾಡ, ಕಣ್ಣಿಗೆ ಕನ್ನಡಕ, ತುಂಬುತೋಳಿನ ಅಂಗಿ ಧರಿಸಿ. ಕಾಗದವನ್ನು ಒದ್ದೆ ಮಾಡಿ ಉಜ್ಜಿದರೆ ಧೂಳು ಕಡಿಮೆ. ಮೇವಿನ ಮೆದೆ, ದನದ ನೀರುತೊಟ್ಟಿಯ ಬಳಿ ಈ ಕೆಲಸ ಬೇಡ; ತೊಳೆದ ನೀರನ್ನು ಕೆರೆಗೆ ಬಿಡಬೇಡಿ.

ಕೊನೆಗೆ: ಧೂಳು ತೆಗೆದು, ಪೂರ್ತಿ ಒಣಗಿದ ಮೇಲೆ ಪ್ರೈಮರ್ ಬಳಿಯಿರಿ. ಅದುವರೆಗೆ ಎಣ್ಣೆಗೈ ತಾಗಿಸಬೇಡಿ. ಉರಿಬಿಸಿಲು ತಪ್ಪಿಸಿ, ಬೆಳಿಗ್ಗೆ ಮಂಜು ಆರಿದ ಮೇಲೆ ಕೆಲಸ ಹಿಡಿಯಿರಿ. ಕಾಲಿಡುವ ಜಾಗದ ಬಣ್ಣ ಹಸಿಯಾಗಿರುವಾಗಲೇ ತೊಳೆದು ಒಣಗಿಸಿದ ಸಣ್ಣ ಮರಳನ್ನು ಉದುರಿಸಿ, ಒಣಗಿದ ಮೇಲೆ ಮತ್ತೊಂದು ಕೈ ಬಳಿಯಿರಿ. ಒದ್ದೆ ಬಲೆ ಎಳೆಯುವಾಗ ಕಾಲು ನಿಲ್ಲುತ್ತದೆ.